ಮಡಗಿರಿ ಸಾಬ್ರೇ, ಬತ್ತೀನಿ

ಮಳವಳ್ಳಿಯ ನಮ್ಮ ಬೀದಿಯಲ್ಲಿ ಹೊರಡುವಾಗ ಯಾರೂ ‘ಹೋಗ್ತೀನಿ’, ‘ಓಯ್ತೀನಿ’ ಅನ್ನುವುದಿಲ್ಲ. ಅದು ಅಪಶಕುನ. ಮತ್ತೆ ಮುಖ ನೋಡುವ ಮನಸ್ಸಿಲ್ಲದವರೂ ‘ಬತ್ತೀನಿ’ ಅಂತಲೇ ಹೇಳಿ ಏಳುತ್ತಾರೆ. ಅದು ಬರೀ ಬಾಯಿಮಾತು, ಎಲ್ಲರಿಗೂ ಗೊತ್ತು. ಕಲಾಯಿ ಖಾಸಿಂ ಸಾಬರೊಬ್ಬರು ಮಾತ್ರ ಅದನ್ನು ನಂಬಿದರು. ಬತ್ತೀನಿ ಅಂದವರು ಬಂದೇ ಬರುತ್ತಾರೆ ಅಂತ ಊರವರ ಪಾತ್ರೆಗಳನ್ನೆಲ್ಲ ಮನೆಯೊಳಗೆ ತುಂಬಿಕೊಂಡು ಕೂತರು. ಅವರ ಕಥೆ ಹೇಳಿದರೆ ನನ್ನ ಮಾನವೂ ಬೀದಿಗೆ ಬೀಳುತ್ತದೆ. ಬೀಳಲಿ ಬಿಡಿ, ಎಷ್ಟು ದಿನ ಅಂತ ಸೆರಗಿನಲ್ಲಿ ಮುಚ್ಚಿಕೊಂಡಿರಲಿ?

ಖಾಸಿಂ ಸಾಬರದು ನಮ್ಮಿಂದ ನಾಲ್ಕನೇ ಮನೆ. ಒಂದು ಜಗಲಿ, ಒಂದೇ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆ ಗೂಡು. ಜಗಲಿಯ ಮುಂದೆ ಕುಳಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ. ನೀರಿಗೆ ಹೋಗುವ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದೆವು. ಸಾಬರಿಗೆ ಓದು ಬರಹ ಬಾರದು. ಯಾವುದು ಯಾರದು ಅನ್ನುವುದಕ್ಕೆ ಒಂದೊಂದು ಬಣ್ಣದ ಚಿಂದಿ ಕಟ್ಟುತ್ತಿದ್ದರು. ನನ್ನದು ಹಸಿರು ಚಿಂದಿ.

ಯುದ್ಧ ಬಂತು. ಸಿಂಗಪುರ ಜಪಾನಿನವರ ಕೈಗೆ ಹೋಯಿತು ಅಂತ ಸಂತೆಯಲ್ಲಿ ಮಾತಾಡಿಕೊಂಡ ವರ್ಷವೇ ತವರ ಸಿಗದಾಯಿತು. ಕಲಾಯಿ ಹೋದ ತಾಮ್ರದಲ್ಲಿ ಹುಳಿ ಬೇಯಿಸಿದರೆ ಕಿಲುಬು ಹತ್ತಿ ಮನೆಮಂದಿಗೆಲ್ಲ ವಾಂತಿ. ಜನ ತಂಡತಂಡವಾಗಿ ಪಾತ್ರೆ ಹೊತ್ತು ತಂದರು. “ತವರ ಬಂದಾಗ ಕಲಾಯಿ ಆಕಿ, ಅಲ್ಲೀಗಂಟ ಮಡಗಿರಿ ಸಾಬ್ರೇ, ಬತ್ತೀನಿ” ಅಂದರು. ಹೋದರು. ಮಡಕೆಯಲ್ಲಿ ಅಡುಗೆ ಮಾಡಿಕೊಂಡು ಮರೆತರು.

ನಾನು ಮರೆತವಳಲ್ಲ. ನನ್ನದು ಇನ್ನೂ ಕೆಟ್ಟ ಕೆಲಸ. ಅದೇ ವರ್ಷ ನನ್ನ ಗಂಡ ಪುಟ್ಟಸ್ವಾಮಿಗೂ ಅವರ ಅಣ್ಣನಿಗೂ ಪಾಲಾಗಿ, ಅರ್ಧ ಮನೆ ನಮಗೆ ಬಂತು. ಐವತ್ತು ಜನಕ್ಕೆ ಅನ್ನ ಬೇಯುವ ಮಾವನವರ ಕಾಲದ ತಾಮ್ರದ ಕೊಪ್ಪರಿಗೆ ಮಾತ್ರ ಇಡಿಯಾಗಿ ಬಂತು. ಬಿಡಲು ನನಗೆ ಮನಸ್ಸಿಲ್ಲ, ಇಡಲು ಜಾಗವಿಲ್ಲ. ಎಡವಿ ಎಡವಿ ಹೆಬ್ಬೆಟ್ಟು ಒಡೆದುಕೊಂಡ ಮೇಲೆ ಕಲಾಯಿಯ ನೆಪ ಹೇಳಿ ಅದನ್ನು ಸಾಬರ ಮನೆಗೆ ಉರುಳಿಸಿ ಬಂದೆ. “ಮಡಗಿರಿ ಸಾಬ್ರೇ, ಬತ್ತೀನಿ.” ಕೋಣೆಯ ಒಳಮೂಲೆ ಬಿಟ್ಟರೆ ಬೇರೆಲ್ಲೂ ಅದು ಹಿಡಿಯಲಿಲ್ಲ.

ಮೂರು ವರ್ಷದಲ್ಲಿ ಆ ಮನೆ ಮನೆಯಾಗಿ ಉಳಿಯಲಿಲ್ಲ. ಅಟ್ಟ ತುಂಬಿ, ಗೋಡೆಯುದ್ದಕ್ಕೂ ಪಾತ್ರೆಯೊಳಗೆ ಪಾತ್ರೆ ಸೇರಿ, ಸಾಬರು ಜಗಲಿಯಲ್ಲಿ ಮಲಗುವಂತಾಯಿತು. ಅವರ ಹೆಂಡತಿ ಹಾಜಿರಾ ಬೀ ಸೌಟು ಹುಡುಕಲು ನಾಲ್ಕು ತಪ್ಪಲೆ ಇಳಿಸಬೇಕು. “ನಾನು ಮದುವೆಯಾಗಿ ಬಂದಿದ್ದು ಸಂಸಾರಕ್ಕೋ, ಪಾತ್ರೆ ಅಂಗಡಿ ಕಾಯಾಕೋ?” ಅಂತ ಗೊಣಗುತ್ತಿದ್ದಳು. ಸಾಬರದು ಒಂದೇ ಉತ್ತರ. “ಅಮಾನತ್ತು ಕಣೇ ಅದು. ನಂಬಿ ಮಡಗವ್ರೆ. ಬೀದೀಲಿಟ್ಟು ಕಳ್ಳ ಒತ್ಕೊಂಡೋದ್ರೆ ಏನೇಳ್ಲಿ? ಕಲಾಯಿ ಇಲ್ದೆ ಅವರ ಬಾಗಿಲಿಗೆ ಒತ್ಕೊಂಡೋಗಿ ಕೊಟ್ರೆ ಕೈಲಾಗದವನು ಅನ್ನಕ್ಕಿಲ್ವಾ? ಬತ್ತೀನಿ ಅಂದವ್ರೆ, ಬತ್ತಾರೆ.” ಎಂಥ ಮೊಂಡ ಮನುಷ್ಯ ಅಂತ ನಾನೂ ನಕ್ಕಿದ್ದೇನೆ.

ಅವರಿಗೆ ಒಬ್ಬಳೇ ಮಗಳು ಮಹಮೂದಾ, ಬೆಳಕವಾಡಿಗೆ ಕೊಟ್ಟಿದ್ದರು. ಯುದ್ಧ ಮುಗಿಯುವ ವರ್ಷ ಅವಳಿಗೆ ಚೊಚ್ಚಲ ಬಸಿರು. ಒಂದು ಬೆಳಗ್ಗೆ ಹಾಜಿರಾ ಬೀ ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

“ದೇವೀರಮ್ಮ, ಮಗಳು ಎರಿಗೆಗೆ ಬತ್ತಾವ್ಳೆ. ನಿನ್ನ ಕೊಪ್ಪರಿಗೆ ತಕ್ಕೊಂಡೋಗವ್ವ. ಒಂದು ಚಾಪೆ ಆಸೋವಷ್ಟು ಜಾಗ ಆದ್ರೆ ಸಾಕು. ನಾನು ಬಂದಿದ್ದು ಅವರಿಗೆ ಏಳ್ಬ್ಯಾಡ.”

“ಅಯ್ಯೋ, ಅದಕ್ಕೇನು ಆಜಿರಕ್ಕ! ಸೋಮವಾರ ಬತ್ತೀನಿ” ಅಂದೆ.

ಗಂಡನಿಗೆ ಹೇಳಿದರೆ, “ತಂದು ಎಲ್ಲಿ ಮಡಗೀಯೆ? ನಿನ್ನ ತಲೆ ಮ್ಯಾಲಾ?” ಅಂದರು. ಆ ಸೋಮವಾರ ಗಾಡಿ ಹೊಲಕ್ಕೆ ಹೋಗಿತ್ತು. ಮುಂದಿನ ಸೋಮವಾರ ಅಮಾವಾಸ್ಯೆ. ಅದರ ಮುಂದಿನದಕ್ಕೆ ನೆಪವೂ ಬೇಕಾಗಲಿಲ್ಲ. ಊರವರ ಪಾತ್ರೆಯನ್ನೆಲ್ಲ ತುಂಬಿಕೊಳ್ಳಲು ಇವರಿಗೆ ಯಾರು ಹೇಳಿದ್ದರು ಅಂತ ಒಳಗೊಳಗೇ ಸಿಡುಕಿದೆ. ಹೇಳಿದವಳು ನಾನೇ.

ಮಹಮೂದಾಳನ್ನು ಬಿಡಲು ಅವಳ ಅತ್ತೆ ಬಿಬಿ ಜಾನ್ ಜೊತೆಯಲ್ಲಿ ಬಂದಳು. ಹೊಸ್ತಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿದಳು. ಅಷ್ಟು ದೂರ ನಮ್ಮ ಮನೆ ಬಾಗಿಲಲ್ಲಿದ್ದ ನನಗೂ ಅವಳ ಗಂಟಲು ಕೇಳಿಸಿತು. “ಬಾಣಂತೀನ ಎಲ್ಲಿ ಮಲಗಿಸ್ತೀರಿ ಬೀಗರೇ? ಆ ಕೊಪ್ಪರಿಗೆ ಒಳಗಾ?”

ಮಧ್ಯಾಹ್ನದ ಬಸ್ಸಿಗೇ ಅತ್ತೆ ಸೊಸೆ ವಾಪಸ್ಸು ಹೊರಟರು. ತುಂಬಿದ ಹೊಟ್ಟೆ ಹೊತ್ತು ನಮ್ಮ ಮನೆ ಮುಂದೆ ಹಾಯುವಾಗ ಆ ಹುಡುಗಿ ನನ್ನನ್ನು ನೋಡಿ ನಕ್ಕಳು. “ಬತ್ತೀನಿ ಚಿಕ್ಕಮ್ಮ” ಅಂದಳು. “ಬಾರವ್ವ” ಅಂದೆ. ನಮ್ಮ ಮನೆಯಲ್ಲೇ ಇರು ಅನ್ನುವ ಮಾತು ನನ್ನ ನಾಲಗೆ ತುದಿಗೂ ಬರಲಿಲ್ಲ. ಸೂಲಗಿತ್ತಿ ಚಿಕ್ಕಬೋರಮ್ಮ ನಮ್ಮ ಬೀದಿಯಲ್ಲೇ, ಎರಡು ಮನೆ ಆಚೆ ಇದ್ದಳು.

ಇಪ್ಪತ್ತು ದಿನಕ್ಕೆ ಬೆಳಕವಾಡಿಯಿಂದ ಸುದ್ದಿ ಬಂತು. ಮಗು ಅಡ್ಡ ಇತ್ತಂತೆ. ಎರಡು ದಿನ ನೋವು ತಿಂದು ಮಹಮೂದಾ ಹೋದಳು, ಕೂಸೂ ಉಳಿಯಲಿಲ್ಲ.

ನಾನು ಚಿಕ್ಕಬೋರಮ್ಮನ ಮನೆಗೆ ಓಡಿದೆ. “ನಿನ್ನ ಕೈಗೆ ಬಂದಿದ್ರೆ ಉಳೀತಿದ್ಲಾ?” ಅಂತ ಕೇಳಿದೆ. ಅವಳು ಅಕ್ಕಿ ಕೇರುತ್ತಾ, “ಅಡ್ಡಗೂಸ ಎಷ್ಟೋ ತಿರುಗ್ಸಿವ್ನಿ ಕಣಮ್ಮ. ಇವಳ್ದ ನಾನು ಕಾಣ್ಲಿಲ್ಲ, ಎಂಗೇಳ್ಲಿ?” ಅಂದಳು. ಉಳಿಯುತ್ತಿರಲಿಲ್ಲ ಅಂತ ಅಂದುಬಿಡಬಾರದಿತ್ತೇ ಆ ಹೆಂಗಸು?

ಮನೆಗೆ ಬಂದು ಗಂಡನ ಮೇಲೆ ಕೂಗಾಡಿದೆ. ಅವರು ಕೊಟ್ಟಿಗೆಗೆ ಹೋಗಿ ಮುರಿದ ಕುಂಟೆ, ಗೆದ್ದಲು ತಿಂದ ಎರಡು ಕುಕ್ಕೆ ಎಳೆದು ಹೊರಗೆಸೆದರು. ಎಲೆಅಡಿಕೆ ಹಾಕಿ ಉಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ, ಕೊಪ್ಪರಿಗೆಗೆ ಜಾಗವಾಯಿತು. ಆ ಖಾಲಿ ನೆಲ ನೋಡಿ ಗೋಡೆ ಹಿಡಿದು ಅತ್ತುಬಿಟ್ಟೆ.

ಗಾಡಿ ಕಟ್ಟಿಸಿಕೊಂಡು ಹೋದೆವು. ಸಾಬರು ಜಗಲಿಯಲ್ಲಿದ್ದರು. “ಒಂಚೂರು ತಡೀರಿ” ಅಂದು ಒಳಗಿಂದ ಬಟ್ಟೆಯ ಗಂಟೊಂದನ್ನು ತಂದರು. ಮಗಳ ಬಾಣಂತನದ ಪಾತ್ರೆಗಳಿಗೆ ಅಂತ ಎತ್ತಿಟ್ಟಿದ್ದ ನಾಲ್ಕು ಚೂರು ತವರ. ಬ್ಯಾಡ ಸಾಬ್ರೇ, ಬ್ಯಾಡ ಅಂತ ಬೇಡಿಕೊಂಡೆ. ಕೇಳಲಿಲ್ಲ. ಕುಳಿಗೆ ಬೆಂಕಿ ಮಾಡಿ ಕೂತರು. ಅಷ್ಟು ದೊಡ್ಡ ಕೊಪ್ಪರಿಗೆಗೆ ಅದು ಎಲ್ಲಿಗೆ ಸಾಕು? ತಳ ಮಾತ್ರ ಬೆಳ್ಳಗಾಯಿತು. ಹಸಿರು ಚಿಂದಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

“ಬತ್ತೀನಿ ಅಂದಿದ್ರಿ, ಬಂದ್ರಿ. ನಾನು ಏಳ್ತಾನೇ ಇದ್ದೆ ಇವಳಿಗೆ” ಅಂದರು. ಆ ಮಾತಿನಲ್ಲಿ ಕುಹಕವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ.

ಹಾಜಿರಾ ಬೀಗೆ ಹೇಳಿ ಬರಲು ಒಳಗೆ ಹೋದೆ. ಕೊಪ್ಪರಿಗೆ ಇದ್ದ ಮೂಲೆಯಲ್ಲಿ ದುಂಡಗೆ ಗುರುತು ಬಿದ್ದಿತ್ತು. ಅದರ ಮೇಲೆ ಒಂದು ಚಾಪೆ ಹಾಸಿ, ಚಾಪೆಯ ಪಕ್ಕದಲ್ಲಿ ಬರೀ ನೆಲದ ಮೇಲೆ ಅವಳು ಕೂತಿದ್ದಳು. ಹಾಳು ಬಾಯಿ, ಅಭ್ಯಾಸದ ಮಾತನ್ನೇ ಆಡಿತು. “ಬತ್ತೀನಿ ಆಜಿರಕ್ಕ.”

ಅವಳು ತಲೆಯೆತ್ತಿ ನೋಡಿದಳು. “ಅಂಗನ್ಬ್ಯಾಡ ಕಣಮ್ಮ. ಓಯ್ತೀನಿ ಅನ್ನು.”

ಹುಟ್ಟಿದಾಗಿನಿಂದ ಯಾರ ಮನೆಯಲ್ಲೂ ನಾನು ಆಡದ ಮಾತು ಅದು. ಹೊಸ್ತಿಲ ಮೇಲೆ ನಿಂತು, “ಓಯ್ತೀನಿ ಆಜಿರಕ್ಕ” ಅಂದೆ.