ಬಿಳಿಯಕ್ಕನ ಆಸ್ಪತ್ರೆ ಗುತ್ತಿಗೆ

ಸರ್ಕಾರಿ ಆಸ್ಪತ್ರೆಯ ಬೆಡ್‌ಶೀಟುಗಳನ್ನೆಲ್ಲ ಒಗೆದುಕೊಡುವ ಗುತ್ತಿಗೆ ಬಿಳಿಯಕ್ಕನದು. ಗಂಡ ತೀರಿಕೊಂಡ ಮೇಲೂ ಕುದಿಯುವ ಹಂಡೆಯ ಮುಂದಿನಿಂದ ಎದ್ದವಳಲ್ಲ. ರಕ್ತದ ಬಟ್ಟೆಗೆ ಮೊದಲು ತಣ್ಣೀರು, ಬಿಸಿನೀರು ಸೋಕಿತೋ ಕಲೆ ಕಚ್ಚಿ ಕೂರುತ್ತದೆ ಎಂದು ಕೆಲಸದ ಹೆಂಗಸರಿಗೆ ದಿನಾ ಹೇಳುವಳು. ಬೀದಿಯವರು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆಸ್ಪತ್ರೆಯ ಸ್ಟೋರಿನಲ್ಲಿ ಬಟ್ಟೆ ಎಣಿಸಿ ತೆಗೆದುಕೊಳ್ಳುತ್ತಿದ್ದವನು ಅವಳ ಮೈದುನನೇ. ಗುತ್ತಿಗೆ ತನ್ನ ಹೆಂಡತಿಯ ಅಣ್ಣನಿಗೆ ಸಿಗಬೇಕೆಂದು ಅವನ ಆಸೆ. ಬೆಡ್‌ಶೀಟುಗಳು ಕಲೆ ಸಮೇತ ಬಂದಿವೆ ಎಂದು ಮೇಲಿನವರಿಗೆ ದೂರು ಕೊಟ್ಟ. ಗುತ್ತಿಗೆ ನಿಂತಿತು. ನಲ್ಲಿಯ ಹತ್ತಿರ ನೀರಿಗೆ ನಿಂತವರ ಬಾಯಲ್ಲಿ ಬಿಳಿಯಕ್ಕ ಹೋಗಿ ಕಲೆಯಕ್ಕ ಆದಳು. ಮನೆಮನೆಯ ಬಟ್ಟೆಯೂ ಬರುವುದು ನಿಂತಿತು.

ತನ್ನ ಕೆಲಸ ಚೊಕ್ಕಟವಾಗಿತ್ತು ಎಂದು ಹತ್ತು ಜನ ಕೇಳುವ ಹಾಗೆ ದೊಡ್ಡವರೊಬ್ಬರು ಹೇಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಅದಕ್ಕೇ ಕೋರ್ಟಿಗೆ ಹೋದಳು. ಬೀದಿಯ ಅರ್ಧ ಜನ ಹಿಂದಿನ ಬೆಂಚುಗಳಲ್ಲಿ. ಮೈದುನ ಮುಂದಿನ ಸಾಲಿನಲ್ಲಿ, ಮೀಸೆ ತೀಡುತ್ತ.

ತಕರಾರು ಬಂದರೆ ಕೋರ್ಟಿಗಲ್ಲ, ಆಸ್ಪತ್ರೆಯವರು ಆರಿಸಿದ ಮಧ್ಯಸ್ಥರ ಮುಂದೆ ಹೋಗಬೇಕು ಎಂದು ಗುತ್ತಿಗೆಯ ಕರಾರಿನಲ್ಲಿತ್ತು. ಕೆಳಗೆ ಅವಳ ಹೆಬ್ಬೆಟ್ಟೂ ಇತ್ತು. ಮಧ್ಯಸ್ಥರನ್ನು ಆಸ್ಪತ್ರೆಯವರೇ ಆರಿಸುವುದನ್ನು ಮಾತ್ರ ನ್ಯಾಯಾಧೀಶರು ಒಪ್ಪಲಿಲ್ಲ. ತಾವೇ ಒಬ್ಬರನ್ನು ಗೊತ್ತುಮಾಡಿದರು.

"ಇಲ್ಲೇ ಹೇಳ್ಬಿಡಿ ಸ್ವಾಮಿ, ಇಷ್ಟು ಜನ ಬಂದಿದಾರೆ," ಅಂದಳು.

"ನೀವೇ ಒಪ್ಪಿರೋ ಮಾತಮ್ಮ. ನಾನು ಮುರಿಯೋಕಾಗಲ್ಲ."

ಮೆಟ್ಟಿಲಿಳಿಯುವಾಗ ಮೈದುನ ಪಕ್ಕಕ್ಕೆ ಬಂದ. "ಹೆಬ್ಬೆಟ್ಟು ಒತ್ತೋವಾಗ ಕಣ್ಣು ಎಲ್ಲಿತ್ತು ಅತ್ತಿಗೆ?"

"ನಿನ್ನ ಮೇಲಿತ್ತು. ಓದಿ ಹೇಳಿದವನು ನೀನೇ ಅಲ್ವಾ?"

ಮಧ್ಯಸ್ಥರು ಕದ ಹಾಕಿಕೊಂಡು ಕೇಳಿದರು. ದೂರಿನ ಬೆಡ್‌ಶೀಟುಗಳನ್ನು ತರಿಸಿ ಒಂದೊಂದಾಗಿ ಬಿಚ್ಚಿಸಿದರು. ಕಲೆ ಇದ್ದದ್ದು ಮೇಲಿನ ಪದರದಲ್ಲಷ್ಟೇ. ಒಗೆದು ಮಡಿಸಿದ ಮೇಲೆ ಬಿದ್ದದ್ದು. ಯಾರು ಹಾಕಿದರು ಎಂಬುದಕ್ಕೆ ಸಾಕ್ಷಿಯಿಲ್ಲ. ಗುತ್ತಿಗೆ ಅವಳಿಗೇ ವಾಪಸು ಎಂದರು. ಆದರೆ ಒಳಗೆ ನಡೆದದ್ದನ್ನು ಹೊರಗೆ ಆಡಕೂಡದು. ಕರಾರಿನಲ್ಲಿ ಅದೂ ಇತ್ತು.

ಗೆದ್ದವಳ ಬಾಯಿಗೇ ಬೀಗ. ಅತ್ತಿಗೆ ಸಾಹೇಬರ ಕಾಲು ಹಿಡಿದು ಗುತ್ತಿಗೆ ತಂದಳು ಎಂದು ಮೈದುನ ಅಷ್ಟರಲ್ಲಿ ಊರೆಲ್ಲ ಸಾರಿ ಬಂದಿದ್ದ. ಕೇಳಿದವರು ನಂಬಿದರು.

ಗುತ್ತಿಗೆ ಮರಳಿದ ಮೇಲೆ ಒಗೆದ ಮೊದಲ ಗಂಟನ್ನು ಸ್ಟೋರಿನೊಳಗೆ ಒಯ್ಯದೆ, ರೋಗಿಗಳ ಕಡೆಯವರು ಸಾಲು ನಿಂತಿದ್ದ ಗೇಟಿನ ಮುಂದೆ ಇಳಿಸಿದಳು. ಬೆಡ್‌ಶೀಟೊಂದರ ಅಂಚನ್ನು, ಎಣಿಸಲೆಂದು ಹೊರಗೆ ಬಂದ ಮೈದುನನ ಕಡೆಗೆ ಚಾಚಿದಳು.

"ಏನು ನಾಟಕ ಇದು? ಒಳಗೆ ತಗೊಂಡು ಬಾ."

"ಮಾತಾಡಬಾರದು ಅಂದಿದಾರೆ. ಬಿಡಿಸಿ ತೋರಿಸಬಾರದು ಅಂದಿಲ್ಲ. ಹಿಡಿ."

ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಹಿಡಿಯಪ್ಪ, ಕೈಯೇನು ಸವೆಯಲ್ಲ," ಎಂದಳು. ಯಾರೋ ನಕ್ಕರು. ಅವನು ಹಲ್ಲು ಕಚ್ಚಿಕೊಂಡು ಹಿಡಿದ. ಅವಳು ಎಳೆದು ನಿಲ್ಲಿಸಿ, ಹಿಂಬದಿಯನ್ನೂ ಜನರ ಕಡೆಗೆ ತಿರುಗಿಸಿ, ಮಡಿಸಿ ಪಕ್ಕಕ್ಕಿಟ್ಟಳು. ಮುಂದಿನದರ ಅಂಚನ್ನು ಅವನ ಕೈಗೆ ತುರುಕಿದಳು. ಗಂಟು ಇನ್ನೂ ದೊಡ್ಡದಿತ್ತು.