ನೂರ ಎಪ್ಪತ್ತೇಳನೆಯ ಪುಟ

ಅಂಟಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮೂವತ್ತೊಂದು ವರ್ಷ ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು, ಮೈದಾಹಿಟ್ಟು ಕಾಯಿಸಿದ ಅಂಟಿನಲ್ಲಿ ಬೆರಳು ಅದ್ದಿಕೊಂಡೇ ಬದುಕಿದವನಿಗೆ ಆ ಹೆಸರು ಸಹಿ ಹಾಕುವಾಗ ಮಾತ್ರ ನೆನಪಾಗುತ್ತಿತ್ತು. ಹರಿದ ಪುಸ್ತಕ ಅವನ ಮೇಜಿಗೆ ಬಂದರೆ ಮೂರು ದಿನದಲ್ಲಿ ಹೊಸ ರಟ್ಟು, ಹೊಸ ಹೊಲಿಗೆ, ಬೆನ್ನಿಗೆ ಹೊಸ ಬಟ್ಟೆ ಪಡೆದು ಮದುಮಗನ ಹಾಗೆ ಕಪಾಟಿಗೆ ಹೋಗುತ್ತಿತ್ತು. ಅವನು ಹೊಲಿದ ಪುಸ್ತಕ ಬಿಚ್ಚಿಕೊಂಡಿದೆ ಎಂದು ಯಾರೂ ದೂರಿದ್ದಿಲ್ಲ.

ಇಷ್ಟಾದರೂ ಅವನಿಗೆ ಓದುವ ಚಟ ಮಾತ್ರ ಅಂಟಲಿಲ್ಲ. ದಿನವಿಡೀ ಒಲೆಯ ಮುಂದೆ ನಿಂತವನಿಗೆ ಹಸಿವೇ ಸತ್ತುಹೋಗುತ್ತದಲ್ಲ, ಹಾಗೆ. ಅವನು ಪುಸ್ತಕಗಳನ್ನು ಬೆನ್ನಿನ ಕಡೆಯಿಂದ ಬಲ್ಲವನು. ಹದಿನಾರು ಪುಟಕ್ಕೆ ಒಂದು ಫಾರಂ, ಹನ್ನೆರಡು ಫಾರಂ ಸೇರಿದರೆ ನೂರ ತೊಂಬತ್ತೆರಡು ಪುಟ, ಅಷ್ಟರಲ್ಲಿ ಯಾರು ಸತ್ತರು, ಯಾರು ಅತ್ತರು ಎಂಬುದು ಓದುವವರ ತಲೆನೋವು. ಕೆಲಸ ಕಲಿಸಿದ ಮುದುಕ ಒಂದೇ ಒಂದು ಕಟ್ಟಳೆ ಹಾಕಿಕೊಟ್ಟಿದ್ದ: ಮೇಜಿನ ಮೇಲೆ ಒಂದು ಪುಸ್ತಕ ಬಿಚ್ಚಿರುವಾಗ ಇನ್ನೊಂದನ್ನು ಬಿಚ್ಚಬೇಡ. ಅಂಟಣ್ಣ ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದ. ಹಾಗೆಂದು ಅವನು ನಂಬಿದ್ದ.

ಆ ಗ್ರಂಥಾಲಯದಲ್ಲಿ ತಿಂಗಳ ಮೊದಲ ಭಾನುವಾರ ಪುಸ್ತಕ ಚರ್ಚೆ. ಪತ್ರಿಕೆಗಳನ್ನು ಮಡಚಿಟ್ಟು, ಉದ್ದ ಮೇಜುಗಳನ್ನು ಗೋಡೆಗೆ ಒತ್ತರಿಸಿ, ಕಿರ್ರೆನ್ನುವ ಕಬ್ಬಿಣದ ಕುರ್ಚಿಗಳನ್ನು ಸಾಲಾಗಿ ಹಾಕುವ ಕೆಲಸವೂ ಅಂಟಣ್ಣನದೇ. ಚರ್ಚೆಗೆ ಒಂದು ಪದ್ಧತಿ ಇತ್ತು. ಆ ಪುಸ್ತಕವನ್ನು ಅತಿ ಹೆಚ್ಚು ಸಲ ಮನೆಗೆ ಒಯ್ದವರು ಯಾರೋ, ಅವರು ಎದ್ದು ನಿಂತು ಗ್ರಂಥಾಲಯದ ಪ್ರತಿಯಿಂದಲೇ ಕೊನೆಯ ಪುಟ ಓದಬೇಕು. ಆಮೇಲೆ ಚಹಾ.

ನೂರನೆಯ ಚರ್ಚೆಗೆ ಆರಿಸಿದ್ದು ಒಂದು ಹಳೆಯ ಸಣ್ಣ ಕಾದಂಬರಿ. ಮುನಿಸಿಕೊಂಡ ಅಕ್ಕತಂಗಿಯರ ಕಥೆ. ಅವರಿಗೆ ಹೆಸರೂ ಇಲ್ಲ. ಅಕ್ಕ, ತಂಗಿ, ಅಷ್ಟೇ. ಅಂಗಡಿಗಳಲ್ಲಿ ಅದು ಸಿಗದೆ ಎಷ್ಟೋ ಕಾಲವಾಗಿತ್ತು. ಊರಿಗೆಲ್ಲ ಗ್ರಂಥಾಲಯದ ಆ ಒಂದು ಪ್ರತಿಯೇ ಗತಿ. ಅದನ್ನು ಓದದ ಮನೆ ಇರಲಿಲ್ಲ. ಹದಿನಾಲ್ಕು ಸಲ ಒಯ್ದು ಮೊದಲ ಸ್ಥಾನದಲ್ಲಿದ್ದವಳು ಅಂಟಣ್ಣನ ಹೆಂಡತಿ.

ಅವಳು ಹದಿನಾಲ್ಕು ಸಲ ಒಯ್ದದ್ದು ಸುಮ್ಮನೆ ಅಲ್ಲ. ಹದಿನೇಳು ವರ್ಷದ ಹಿಂದೆ ಅವಳ ತಾಯಿ ತೀರಿಕೊಂಡಾಗ, ತಾಯಿಯ ಜೊತೆಗಿದ್ದ ಅಕ್ಕ ಎರಡು ದಿನ ತಡವಾಗಿ ಸುದ್ದಿ ಮುಟ್ಟಿಸಿದ್ದಳು. ತಂಗಿಗೆ ಮುಖ ನೋಡಲೂ ಸಿಗಲಿಲ್ಲ. ಅಕ್ಕನಿಗೂ ಅವಳದೇ ಆದ ಸಿಟ್ಟಿತ್ತು: ಮೂರು ವರ್ಷ ಹಾಸಿಗೆ ಹಿಡಿದವಳನ್ನು ನೋಡಲು ಬಾರದವಳು ಹೆಣ ನೋಡಲು ಯಾಕೆ ಬರಬೇಕು ಎಂದು. ಆರು ವರ್ಷ ಮಾತಿಲ್ಲ, ಕಥೆಯಿಲ್ಲ. ಒಂದು ದಿನ ಹೆಂಡತಿ ಆ ಕಾದಂಬರಿ ಓದಿ ಮುಗಿಸಿದವಳು, ಬೆಳಗಾಗುತ್ತಲೇ ನಾಲ್ಕು ಗಂಟೆಯ ದಾರಿಗೆ ಬಸ್ಸು ಹತ್ತಿ ಅಕ್ಕನ ಮನೆ ಬಾಗಿಲು ತಟ್ಟಿದ್ದಳು. ಅಕ್ಕ ಬಾಗಿಲು ತೆರೆದಿದ್ದಳು. ಗಂಡನನ್ನು ಕಳೆದುಕೊಂಡ ಅಕ್ಕ ಈಗ ಮೂರು ವರ್ಷದಿಂದ ಇವರ ಮನೆಯಲ್ಲೇ ಇದ್ದಾಳೆ. ಇಬ್ಬರೂ ಸೇರಿ ಅಂಟಣ್ಣನನ್ನು ಗೋಳುಹೊಯ್ದುಕೊಳ್ಳುವುದನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಜಗಳವಿಲ್ಲ.

ಆ ಭಾನುವಾರ ಕುರ್ಚಿ ಸಾಲದೆ ಜನ ಕಪಾಟಿಗೆ ಒರಗಿ ನಿಂತರು. ಬರೆದ ಲೇಖಕಿಯನ್ನೇ ಕರೆಸಿದ್ದರು. ಎಂಬತ್ತು ದಾಟಿದ ಸಣಕಲು ಜೀವ, ಕೈಯಲ್ಲಿ ಕೋಲು, ಮಡಿಲಲ್ಲಿ ತನ್ನದೇ ಪುಸ್ತಕದ ಸವೆದ ಪ್ರತಿ. ಮೊದಲಿಗೆ ನಿವೃತ್ತ ಮೇಷ್ಟ್ರು ಎದ್ದರು. ಕೊನೆಯ ಅಧ್ಯಾಯದಲ್ಲಿ ಗೋಡೆಗೆ ಒರಗಿಸಿದ ಒಂದು ನೀಲಿ ಸೈಕಲ್ ಬರುತ್ತದೆ, ಅದು ಹಿಂದೆಲ್ಲೂ ಬಂದಿಲ್ಲ. ಆ ಸೈಕಲ್ಲಿನ ಮೇಲೆ ಮೇಷ್ಟ್ರು ಎಷ್ಟೋ ವರ್ಷದಿಂದ ಸವಾರಿ ಮಾಡುತ್ತಿದ್ದರು.

“ಎರಡು ಚಕ್ರ ಅಂದ್ರೆ ಅಕ್ಕ, ತಂಗಿ. ನೀಲಿ ಅಂದ್ರೆ ಆಕಾಶ. ಹೇಳಿ ಅಮ್ಮಾ, ನಾನು ಹೇಳಿದ್ದು ಸರಿ ತಾನೇ?” ಎಂದರು.

“ಯಾವ ಸೈಕಲ್?” ಎಂದರು ಲೇಖಕಿ.

ವಯಸ್ಸಾಗಿದೆ, ಮರೆತಿದ್ದಾರೆ ಎಂದು ಜನ ಮೆಲ್ಲಗೆ ನಕ್ಕರು. ಗ್ರಂಥಪಾಲಕಿ ಮಾತು ತೇಲಿಸಿ, ಕೊನೆಯ ಪುಟ ಓದಲು ಅಂಟಣ್ಣನ ಹೆಂಡತಿಯನ್ನು ಕರೆದಳು. ಪಕ್ಕದಲ್ಲಿ ಕೂತಿದ್ದ ಅಕ್ಕ ಅವಳ ಸೆರಗು ಸರಿಮಾಡಿ ಕಳಿಸಿದಳು. ಅಂಟಣ್ಣ ಬಾಗಿಲ ಬಳಿ ಚಹಾದ ಪಾತ್ರೆಯ ಪಕ್ಕ ನಿಂತು, ಹೆಂಡತಿಗಿಂತ ತಾನೇ ಹೆಚ್ಚು ಬೆವರುತ್ತಿದ್ದ.

ಅವಳು ಪುಸ್ತಕ ನೋಡುವ ಅಗತ್ಯವೂ ಇಲ್ಲದವಳಂತೆ ಓದಿದಳು. “ಅವಳು ಬಾಗಿಲು ತಟ್ಟಿದಳು. ಯಾರೂ ತೆರೆಯಲಿಲ್ಲ. ಮತ್ತೆ ತಟ್ಟಿದಳು. ಮೂರನೆಯ ಸಲ ತಟ್ಟುವಾಗ ಬೆರಳ ಗೆಣ್ಣು ನೋಯುತ್ತಿತ್ತು. ಒಳಗಿನಿಂದ ಅಗುಳಿ ಸರಿದ ಸದ್ದಾಯಿತು. ಒಳಗಿದ್ದವಳು, ಬಾ, ಎಂದಳು.”

ಚಪ್ಪಾಳೆ ಎದ್ದಿತು. ಲೇಖಕಿ ಮಾತ್ರ ಕೋಲು ಊರಿ ಎದ್ದು ನಿಂತಿದ್ದರು.

“ಇದು ನಾನು ಬರೆದದ್ದಲ್ಲ” ಎಂದರು.

ಚಪ್ಪಾಳೆ ಅರ್ಧಕ್ಕೆ ನಿಂತಿತು. ಅವರು ತಮ್ಮ ಪ್ರತಿ ತೆರೆದು, ಕನ್ನಡಕ ಏರಿಸಿ ಓದಿದರು. “ತಂಗಿ ಒಂದು ಸಲ ಬಾಗಿಲು ತಟ್ಟಿದಳು. ಒಳಗೆ ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದಳು. ತಂಗಿ ತಿರುಗಿ ನಡೆದಳು. ಅವರು ಮತ್ತೆಂದೂ ಭೇಟಿಯಾಗಲಿಲ್ಲ.” ಪುಸ್ತಕ ಮುಚ್ಚಿ, “ಇದು ನನ್ನ ಕೊನೆ. ನೀವೆಲ್ಲ ಇಷ್ಟು ವರ್ಷ ಓದಿದ್ದು ಯಾರದ್ದು?” ಎಂದರು.

ಮೇಷ್ಟ್ರು ಬಾಯಿ ತೆರೆದವರು ಮುಚ್ಚಲು ಮರೆತರು. ಗ್ರಂಥಪಾಲಕಿ ಒಂದು ಪುಸ್ತಕ ನೋಡುತ್ತಾಳೆ, ಇನ್ನೊಂದು ನೋಡುತ್ತಾಳೆ. ಮುದ್ರಕರೇ ಎಡವಟ್ಟು ಮಾಡಿರಬೇಕು ಎಂದಳು. ಅಂಟಣ್ಣನ ಹೆಂಡತಿ ಹದಿನಾಲ್ಕು ಸಲ ಎದೆಗೊತ್ತಿಕೊಂಡ ಪುಸ್ತಕವನ್ನು ಯಾರದೋ ಕೂಸನ್ನು ಎತ್ತಿಕೊಂಡವಳಂತೆ ದೂರ ಹಿಡಿದಿದ್ದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂಟಣ್ಣ ಚಹಾದ ಪಾತ್ರೆ ಬಿಟ್ಟು ನೇರ ಹೆಂಡತಿಯ ಬಳಿ ಹೋಗಿ ಪುಸ್ತಕ ತೆಗೆದುಕೊಂಡು ಅದರ ಬೆನ್ನು ಬಾಗಿಸಿದ. ಕೊನೆಯ ಫಾರಂ ನೂರ ಎಪ್ಪತ್ತೇಳನೆಯ ಪುಟದಿಂದ ಶುರು. ಅದರ ಕಾಗದ ಒಂದು ಕೂದಲೆಳೆಯಷ್ಟು ಹೆಚ್ಚು ಹಳದಿ. ಹೊಲಿಗೆ ಮುದ್ರಕರದ್ದಲ್ಲ. ಮೊದಲ ಗಂಟು ಒಳಗೆ, ಎರಡನೆಯದು ಹೊರಗೆ. ಹಾಗೆ ಗಂಟು ಹಾಕುವವನು ಈ ಊರಲ್ಲಿ ಅವನೊಬ್ಬನೇ.

ಆಗ ಅವನಿಗೆ ಆ ಮಧ್ಯಾಹ್ನ ನೆನಪಾಯಿತು. ಹದಿನೇಳು ವರ್ಷದ ಹಿಂದೆ, ಯಾರೋ ದಾನ ಕೊಟ್ಟ ಈ ಹರಕು ಪುಸ್ತಕವನ್ನು ಕಪಾಟಿಗೆ ಏರಿಸುವ ಮೊದಲು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದಾಗ ಕಚೇರಿಗೆ ಫೋನು ಬಂದಿತ್ತು. ಅತ್ತೆ ತೀರಿಕೊಂಡು ಎರಡು ದಿನವಾಯಿತಂತೆ ಎಂದು ಹೆಂಡತಿ ಆ ತುದಿಯಲ್ಲಿ ಗೋಳಾಡುತ್ತಿದ್ದಳು. ಅವನು ವಾಪಸು ಬಂದು ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ ಇನ್ನೊಂದು ಪುಸ್ತಕ ಎತ್ತಿಕೊಂಡು ಬಿಚ್ಚಿದ್ದ. ಒಂದೇ ಪ್ರಕಾಶಕರ ಒಂದೇ ಮಾಲೆಯ ಪುಸ್ತಕಗಳು. ಅದೇ ಅಳತೆ, ಅದೇ ಅಕ್ಷರ. ಎರಡನ್ನೂ ಗಡಿಬಿಡಿಯಲ್ಲಿ ಹೊಲಿದು, ಒತ್ತಿಟ್ಟು ಮನೆಗೆ ಓಡಿದ್ದ.

ಅವನು ಒಳಗಿನ ಕಪಾಟಿಗೆ ಹೋಗಿ ಕೆಳಗಿನ ಸಾಲಿನಿಂದ ಆ ಇನ್ನೊಂದನ್ನು ಹುಡುಕಿ ತಂದ. ತಾಯಿಯ ಮನೆ ಹುಡುಕಿ ಹೊರಟ ಮಗಳ ಕಥೆ. ಪಾತ್ರಗಳನ್ನೆಲ್ಲ ‘ಅವಳು’ ಎಂದೇ ಕರೆಯುವ ಗೀಳಿನವನು ಬರೆದದ್ದು. ಹದಿನೇಳು ವರ್ಷದಲ್ಲಿ ಇಬ್ಬರು ಒಯ್ದಿದ್ದರು, ಇಬ್ಬರೂ ಮುಗಿಸಿರಲಾರರು. ಅದರ ಎರಡನೆಯ ಅಧ್ಯಾಯದಲ್ಲೇ ನೀಲಿ ಸೈಕಲ್ ಇತ್ತು. ಕೊನೆಯ ಹದಿನಾರು ಪುಟಗಳಲ್ಲಿ ಒಂದು ಮುಚ್ಚಿದ ಬಾಗಿಲು, ಅದರ ಒಳಗೆ ಅಕ್ಕ, ಹೊರಗೆ ತಂಗಿ.

ಮುದ್ರಕರ ಮೇಲೆ ಹಾಕಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿವೃತ್ತಿಗೆ ಎರಡೇ ತಿಂಗಳಿತ್ತು. ಎಲ್ಲ ಬಣ್ಣ ಮಸಿ ನುಂಗಿತು ಅನ್ನುವ ಹಾಗೆ ಮೂವತ್ತೊಂದು ವರ್ಷದ ಹೆಸರು ಈ ಒಂದು ಮಾತಿಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಅವನಿಗೆ ಹೆಸರಿಗಿಂತ ಹೆಚ್ಚಿನ ಭಯ ಬೇರೆ ಇತ್ತು. ಹೆಂಡತಿ ಅಕ್ಕನ ಮನೆಗೆ ಹೋದದ್ದು ಆ ಪುಟಗಳನ್ನು ನಂಬಿ. ಅದು ತನ್ನ ಕೈತಪ್ಪು ಎಂದರೆ, ಹನ್ನೊಂದು ವರ್ಷದ ಈ ನಂಟು ಯಾವುದರ ಮೇಲೆ ನಿಂತ ಹಾಗಾಯಿತು?

“ಮುದ್ರಕರದ್ದಲ್ಲ ಮೇಡಂ, ನನ್ನ ತಪ್ಪು” ಎಂದ. “ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದ್ದೆ. ಕೊನೇ ಫಾರಂ ಅದಲು ಬದಲಾಗಿದೆ. ಅಮ್ಮಾ, ತಮ್ಮ ಪುಸ್ತಕ ಕೆಡಿಸಿಬಿಟ್ಟೆ.”

ಲೇಖಕಿ ಎರಡೂ ಪುಸ್ತಕಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಯ್ಯಲಿಲ್ಲ, ನಗಲೂ ಇಲ್ಲ. “ಸರಿಮಾಡಿ ಇಡಪ್ಪ” ಎಂದಷ್ಟೇ ಹೇಳಿ ಕೂತರು. ಆ ಒಂದು ಮಾತು ಅಂಟಣ್ಣನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಮೇಷ್ಟ್ರು ಚಹಾ ಕುಡಿಯದೆ ಎದ್ದು ಹೋದರು.

ಜನ ಕರಗಿದ ಮೇಲೆ ಹಿಂದಿನ ಕೋಣೆಯಲ್ಲಿ ಹೆಂಡತಿ ರಟ್ಟಿನ ಕಟ್ಟಿನ ಮೇಲೆ ಕೂತಿದ್ದಳು. ಅಕ್ಕ ಎದುರಿಗೆ ನಿಂತಿದ್ದಳು. ಅಂಟಣ್ಣ ಬಾಗಿಲಲ್ಲೇ ನಿಂತ.

“ನಾನು ಯಾರದೋ ಕಥೆ ನಂಬಿ ಬಂದೆ ಅಕ್ಕ ನಿನ್ನ ಮನೆಗೆ” ಎಂದಳು ಹೆಂಡತಿ. “ನಂಗೆ ತಲೆ ಗಿಮ್ ಅಂತಿದೆ.”

“ನನಗೂ ಹಾಗೇ ಆಗಿದೆ” ಎಂದಳು ಅಕ್ಕ. “ನನ್ನ ಹತ್ರ ಆ ಪುಸ್ತಕ ಇತ್ತು ಕಣೆ. ಹೊಸದಾಗಿ ಬಂದಾಗ್ಲೇ ತಗೊಂಡಿದ್ದೆ. ನಾನು ಓದಿದ್ದು ಈ ಅಮ್ಮ ಬರೆದದ್ದೇ.”

“ಮತ್ತೆ ಕೊನೆ ಹಾಗಲ್ಲ ಅಂತ ಒಂದು ದಿನಾನೂ ಹೇಳ್ಲಿಲ್ವಲ್ಲ ನೀನು.”

“ಆ ಪುಸ್ತಕ ಓದಿ ಬಂದೆ ಅಂದೆ ನೀನು. ಬಾಗಿಲು ತೆಗೀದೇ ಇರೋದನ್ನ ಓದಿ, ನಮಗೂ ಹಾಗಾಗ್ಬಾರ್ದು ಅಂತ ಬಂದಿದೀಯ ಅಂದ್ಕೊಂಡಿದ್ದೆ. ಇವತ್ತಿನವರೆಗೂ ಹಾಗೇ ಅಂದ್ಕೊಂಡಿದ್ದೆ. ಒಂದು ಮಾತು ನಾನೂ ಹೇಳಿಲ್ಲ. ಆವತ್ತು ನೀನು ಬರೋದನ್ನ ಕಿಟಕೀಲಿ ನೋಡಿದ್ದೆ. ನೀನು ತಟ್ಟಿದಾಗ ನಾನು ಬಾಗಿಲ ಹಿಂದೇನೇ ನಿಂತಿದ್ದೆ.”

“ಅಡುಗೆಮನೇಲಿದ್ದೆ, ಕೇಳಿಸ್ಲಿಲ್ಲ ಅಂದಿದ್ಯಲ್ಲ.”

“ಸುಳ್ಳು ಹೇಳಿದ್ದೆ. ತೆಗೀಬಾರ್ದು ಅಂತಲೇ ನಿಂತಿದ್ದೆ. ನಿನ್ನ ಹಟ ನಂಗೆ ಗೊತ್ತಿಲ್ವಾ. ಚಿಕ್ಕಂದಿನಿಂದ್ಲೂ ಎರಡನೇ ಸಲ ಯಾರನ್ನೂ ಏನೂ ಕೇಳಿದೋಳಲ್ಲ ನೀನು. ಒಂದು ಸಲ ತಟ್ಟಿ ಹೋಗ್ತಾಳೆ, ಹೋಗ್ಲಿ ಅಂತಿದ್ದೆ. ನೀನು ಎರಡನೇ ಸಲ ತಟ್ಟಿದೆ. ಮೂರನೇ ಸಲ ತಟ್ಟಿದಾಗ ನಂಗೆ ತಡ್ಕೊಳ್ಳೋಕಾಗ್ಲಿಲ್ಲ.”

ಹೆಂಡತಿ ಅಕ್ಕನನ್ನೇ ನೋಡುತ್ತಿದ್ದಳು.

“ಮೂರು ಸಲ ತಟ್ಟಿದ್ರೆ ತೆಗೀತಾರೆ ಅಂತ ಓದಿದ್ದೆ” ಎಂದಳು. “ಇಲ್ದಿದ್ರೆ ಒಂದೇ ಸಲಕ್ಕೆ ವಾಪಸ್ ಬಸ್ ಹತ್ತಿರ್ತಿದ್ದೆ.”

ಅಕ್ಕ ರಟ್ಟಿನ ಕಟ್ಟಿನ ಮೇಲೆಯೇ ಅವಳ ಪಕ್ಕ ಕುಸಿದು ಕೂತಳು. ಇಬ್ಬರೂ ಅಳಲಿಲ್ಲ. ರಸ್ತೆ ದಾಟುವಾಗ ಲಾರಿ ಉಜ್ಜಿಕೊಂಡು ಹೋದ ಮೇಲೆ ಜನ ಕೂರುತ್ತಾರಲ್ಲ, ಹಾಗೆ ಕೈ ಹಿಡಿದುಕೊಂಡು ಕೂತಿದ್ದರು. ಅಂಟಣ್ಣನಿಗೆ ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಮೊದಲು ಅಕ್ಕತಂಗಿಯರ ಪುಸ್ತಕ ಬಿಚ್ಚಿ, ಕೊನೆಯ ಫಾರಂ ಬೇರೆ ಮಾಡಿಟ್ಟ. ಆಮೇಲೆ, ಬೇರೆ ದಾರಿಯಿಲ್ಲದೆ, ಅದೇ ಮೇಜಿನ ಮೇಲೆ ಎರಡನೆಯದನ್ನೂ ಬಿಚ್ಚಿದ. ಲೇಖಕಿಯ ಹದಿನಾರು ಪುಟಗಳು ಕೈಗೆ ಬಂದವು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನು ಹೊಲಿಯುವ ಮೊದಲು ಓದಿದ. ಅಕ್ಕ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಆ ಸಾಲಿಗೆ ಬಂದವನೇ ಅವನು ಎದ್ದು ಕಚೇರಿಗೆ ಹೋಗಿ, ಹದಿನೇಳು ವರ್ಷದ ಹಿಂದೆ ಸುದ್ದಿ ಕೇಳಿದ ಅದೇ ಮೂಲೆಯಲ್ಲಿ ನಿಂತು ಮನೆಗೆ ಫೋನು ಮಾಡಿದ. ಅಕ್ಕ ಎತ್ತಿದಳು.

“ಏನು, ಇಷ್ಟು ಬೇಗ?”

“ಏನಿಲ್ಲ ಅತ್ತಿಗೆ. ಇದ್ದೀರಲ್ಲ ಅಂತ.”

“ಇದ್ದೀನಪ್ಪ. ಎಲ್ಲಿಗೆ ಹೋಗ್ಲಿ?” ಎಂದಳು ಅವಳು. ಹಿಂದಿನಿಂದ ಹೆಂಡತಿ, ಯಾರದು ಎಂದು ಕೇಳುವುದು ಕೇಳಿಸಿತು.

ಅಂಟಣ್ಣ ಫೋನು ಇಟ್ಟು ಬಂದು, ದಾರ ಪೋಣಿಸಿ, ಬಾಗಿಲು ತೆರೆಯದ ಆ ಹದಿನಾರು ಪುಟಗಳನ್ನು ಅವುಗಳ ಜಾಗಕ್ಕೆ ಹೊಲಿದ.