ಹಗ್ಗದಮ್ಮ ಬಡಿಸದ ಊಟ

ಅವರ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಕತ್ತಾಳೆ ನಾರು, ತೆಂಗಿನ ನಾರು ಉಜ್ಜಿ ಉಜ್ಜಿ ಎರಡು ಕೈಯೂ ಹಳೆಯ ಒನಕೆಯ ಹಾಗೆ ನುಣುಪಾಗಿ, ಗಡುಸಾಗಿ ಹೋಗಿದ್ದವು. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಅಂಗಡಿಯ ಮುಂದೆ ಕೂತು, ಆ ಕೈಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಪೆಚ್ಚಾದ. "ಗೆರೆ ಎಲ್ಲ ಅಗ್ಗಕ್ಕೆ ಓಗ್ಬುಟ್ಟವೆ ಕಣಪ್ಪ, ಬೇಕಾದ್ರೆ ಅಗ್ಗ ನೋಡಿ ಏಳು" ಎಂದು ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು.

ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರು ಅವರ ಹಗ್ಗದ ಅಂಗಡಿ. ಅದಕ್ಕೆ ಅಂಟಿಕೊಂಡೇ ಒಂದು ಖಾಸಗಿ ಬಸ್ ಕಂಪನಿಯ ಬುಕಿಂಗ್ ಆಫೀಸು, ಅದರಲ್ಲಿ ನಾನು ಟಿಕೆಟ್ ಗುಮಾಸ್ತ. ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿಗೆಲ್ಲ ಅವರು ಹಗ್ಗದಮ್ಮ. ಆದರೆ ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಹಾಗಾಗಿ ಅಗ್ಗದಮ್ಮ. ಹೊಸಬರು ಆ ಹೆಸರು ನಂಬಿ ಕಡಿಮೆ ಬೆಲೆಯ ಆಸೆಗೆ ಬಂದು, ರೇಟು ಕೇಳಿ ಹೌಹಾರುತ್ತಿದ್ದರು. ಇಡೀ ತಾಲ್ಲೂಕಿನಲ್ಲಿ ಅಷ್ಟು ತುಟ್ಟಿಯ ಹಗ್ಗ ಇನ್ನೊಂದಿರಲಿಲ್ಲ.

ತುಟ್ಟಿ ಯಾಕೆಂದರೆ, ಹೊರಗಿನವರು ಹೊಸೆದು ತಂದ ಮಾಲಿನಲ್ಲಿ ಬಹಳಷ್ಟನ್ನು ಅವರು ವಾಪಸು ಕಳಿಸುತ್ತಿದ್ದರು. ಅಂಗಡಿಯ ತೊಲೆಗೆ ಬಾವಿ ಹಗ್ಗ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಭಾರೀ ಮೈಯನ್ನು ಪೂರ್ತಿ ಅದಕ್ಕೆ ಜೋತು ಹಾಕುವರು. ಎದುರು ಹೋಟೆಲಿನ ಪಡ್ಡೆ ಹುಡುಗರು ನಗುವರು. ಗಂಡ ಸತ್ತ ಹೆಂಗಸು ನಡುಬೀದಿಯಲ್ಲಿ ಜೋಕಾಲಿ ಆಡುತ್ತಾಳೆಂದು ಕುಹಕವಾಡಿದವರೂ ಇದ್ದರು. ಅವರದು ಒಂದೇ ಮಾತು: "ಇದ್ರಲ್ಲಿ ಬಾವಿಗಿಳ್ಯೋನು ಯಾರ ಮನೆ ಮಗನೋ ನಂಗೊತ್ತಿಲ್ಲ. ಅದ್ಕೇ ಮೊದ್ಲು ನಾನು ಬೀಳ್ತೀನಿ." ಬಿದ್ದದ್ದೂ ಉಂಟು, ಎರಡು ಬಾರಿ ನಾನೇ ಎತ್ತಿ ಕೂರಿಸಿದ್ದೇನೆ. ಕಾಕನಕೋಟೆಯಿಂದ ಮರದ ದಿಮ್ಮಿ ತರುವ ಗಾಡಿಯವರು ಮಾತ್ರ ಚೌಕಾಶಿ ಮಾಡದೆ ಅಲ್ಲೇ ಹಗ್ಗ ಕೊಳ್ಳುತ್ತಿದ್ದರು.

ಅವರಿಗೆ ಒಬ್ಬನೇ ತಮ್ಮ. ತಾಯಿಯಿಲ್ಲದ ಅವನನ್ನು ಸಾಕಿ, ಮೈಸೂರಿನಲ್ಲಿ ಓದಿಸಿದವರು ಇವರೇ. ಯುದ್ಧದ ಕಾಲದಲ್ಲಿ ವಾಯುಪಡೆಗೆ ಸೇರಿ ವಿಮಾನ ನಡೆಸಲು ಕಲಿತ ಹುಡುಗ, ಆಮೇಲೆ ಪ್ರಯಾಣಿಕರನ್ನು ಸಾಗಿಸುವ ಒಂದು ಖಾಸಗಿ ಕಂಪನಿಯಲ್ಲಿ ಪೈಲಟ್ ಆದ. ರಜೆಗೆ ಬಂದಾಗ ಅಕ್ಕನ ಪಕ್ಕದಲ್ಲೇ ಹಗ್ಗದ ಸುರುಳಿಯ ಮೇಲೆ ಕೂತು ಪುರಿ ತಿನ್ನುವನು, ಯಾವ ಜಂಬವೂ ಇಲ್ಲ. ಯುದ್ಧ ಮುಗಿದ ಮೇಲೆ ಗುಜರಿಯ ಹಾಗೆ ಬಿದ್ದಿದ್ದ ವಿಮಾನಗಳನ್ನು ಆ ಕಂಪನಿ ಕೊಂಡುಕೊಂಡು, ಒಂದರ ರೆಕ್ಕೆ ಇನ್ನೊಂದಕ್ಕೆ ಜೋಡಿಸಿ, ಮೇಲೆ ಬಣ್ಣ ಬಳಿದು ಓಡಿಸುತ್ತಿದೆಯೆಂದು ಅವನು ಹೇಳಿದ್ದನ್ನು ನಾನೂ ಅಲ್ಲೇ ನಿಂತು ಕೇಳಿದ್ದೇನೆ. ಒಂದು ವಿಮಾನದ ಎಂಜಿನ್ನು ಮೇಲೇರುವಾಗಲೇ ಕೈಕೊಡುತ್ತಿತ್ತಂತೆ. ಹೇಳಿದರೆ, ಮೇಲಿನವರು ನಿನಗೆ ಹೆದರಿಕೆಯಾದರೆ ಮನೆಗೆ ಹೋಗು ಎಂದರಂತೆ.

"ಬುಡು ಮತ್ತೆ ಆ ಕೆಲ್ಸವ. ಇಲ್ಲೇ ಅಂಗಡೀಲಿ ಕೂತ್ಕೊ" ಎಂದರು ಅಕ್ಕ.

"ನಾನು ಬಿಟ್ರೆ ಇನ್ನೊಬ್ಬ ಹುಡುಗನ್ನ ಕೂರಿಸ್ತಾರೆ ಅಕ್ಕ. ಅವನಿಗೆ ಆ ಎಂಜಿನ್ನಿನ ಚಾಳಿ ಗೊತ್ತಿರಲ್ಲ" ಎಂದು ನಕ್ಕ.

ಆ ವರ್ಷವೇ, ಅವನು ನಡೆಸುತ್ತಿದ್ದಾಗಲೇ, ಆ ವಿಮಾನ ಬಿತ್ತು. ಉತ್ತರದ ಕಡೆ ಯಾವುದೋ ಬೆಟ್ಟಕ್ಕೆ ಬಡಿದು, ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಅವನ ದೇಹವೂ ಊರಿಗೆ ಬರಲಿಲ್ಲ, ಅಲ್ಲೇ ಮಣ್ಣು ಮಾಡಿದರು. ಕೆಲವು ತಿಂಗಳ ನಂತರ ತನಿಖೆಯ ಸುದ್ದಿ ಪೇಪರಿನಲ್ಲಿ ಬಂತು. ಓದಿ ಹೇಳುವ ಕರ್ಮ ನನ್ನದಾಯಿತು. ಯಂತ್ರದಲ್ಲಿ ದೋಷವಿರಲಿಲ್ಲ, ಚಾಲಕನ ಅಜಾಗರೂಕತೆಯೇ ಕಾರಣ ಎಂದು ಬರೆದಿದ್ದರು. ಅಳುತ್ತಾರೆಂದು ನಾನು ಕಾದೆ. ಅಳಲಿಲ್ಲ. "ಇನ್ನೊಂದ್ ಕಿತ ಓದು" ಎಂದರು. ಓದಿದೆ. "ಸತ್ತಿದ್ದಲ್ದೆ, ಅಷ್ಟು ಜನನ ಕೊಂದೋನು ಅಂತ್ಲೂ ಬರ್ದವ್ರೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಸಾಂತ್ವನ ಹೇಳಲು ಕಂಪನಿಯ ಕಡೆಯಿಂದ ಕೋಟು ತೊಟ್ಟ ಒಬ್ಬರು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ಒಳ್ಳೆಯ ಮನುಷ್ಯರೇ, ನಿಜವಾಗಿಯೂ ಸಂಕಟಪಡುತ್ತಿದ್ದರು. ಎಲ್ಲ ಹಣೆಬರಹ ತಾಯಿ, ನಿಮ್ಮ ತಮ್ಮ ವಿಮಾನವನ್ನು ತೀರಾ ತಗ್ಗಿನಲ್ಲಿ ಹಾರಿಸಿಬಿಟ್ಟರು ಎಂದರು.

"ತಗ್ಗಲ್ಲಿ ಆರಿಸ್ದ ಅಂತೀರಿ. ಅದು ಮೇಲಕ್ಕೆ ಏಳ್ತಿತ್ತಾ ಅಂತ ಯಾರ್ನಾದ್ರೂ ಕೇಳುದ್ರಾ?" ಎಂದು ಹಗ್ಗದಮ್ಮ ಕೂತಲ್ಲಿಂದಲೇ ಕೇಳಿದರು. "ಅಣೆಬರ ಬರ್ಯೋನು ಬ್ರಹ್ಮ. ನಿಮ್ಮ ಇಮಾನ ಮಾಡ್ದೋನೂ ಅವ್ನೇನಾ?"

ಹಳೆಯ ವಿಮಾನ ತಂದದ್ದರಿಂದಲೇ ಸಾಮಾನ್ಯ ಜನರೂ ಹಾರುವಂತಾಯಿತು, ಇಲ್ಲದಿದ್ದರೆ ಟಿಕೆಟ್ಟು ಬಹಳ ದುಬಾರಿಯಾಗುತ್ತಿತ್ತು ಎಂದು ಆತ ಏನೋ ಸಮಜಾಯಿಷಿ ಕೊಡಲು ಹೊರಟರು.

"ನಾನು ಅಗ್ಗ ಮಾರೋಳು ಸ್ವಾಮಿ, ನೀವು ಅಗ್ಗದ್ದು ಕೊಳ್ಳೋರು. ನಮ್ಗೂ ನಿಮ್ಗೂ ಯಾವಾರ ಕುದುರಾಕಿಲ್ಲ. ಎದ್ದೋಗಿ" ಎಂದರು. ಬೆಂಗಳೂರಿನ ಆ ಮನುಷ್ಯರಿಗೆ ಮಾತು ಅರ್ಥವಾಯಿತೋ ಇಲ್ಲವೋ, ಬೀದಿಗೆಲ್ಲ ಅರ್ಥವಾಯಿತು.

ನಿಜವಾದ ರಂಪ ಶುರುವಾದದ್ದು ಆಮೇಲೆ. ಅವರು ಲಿಂಗವಂತರು. ಸತ್ತವರ ಹೆಸರಿನಲ್ಲಿ ಗಣಾರಾಧನೆ ಮಾಡಿ, ಮಠದ ಅಯ್ಯನವರಿಗೆ ಮೊದಲು ಬಡಿಸಿ, ನೆಂಟರಿಗೂ ಊರಿಗೂ ಊಟ ಹಾಕಬೇಕು. ಹಗ್ಗದಮ್ಮ ಹಾಕುವುದಿಲ್ಲ ಎಂದುಬಿಟ್ಟರು. ಜನ ಏನೇನೋ ಆಡಿಕೊಂಡರು, ನೆಂಟರು ಹೋಗಿಬರುವುದನ್ನೇ ಬಿಟ್ಟರು. ಕಡೆಗೆ ಅಯ್ಯನವರೇ ಅಂಗಡಿಗೆ ಬಂದು ಗದರಿದರು.

"ಏನಮ್ಮಾ ನಿನ್ನ ಅಟ? ತಮ್ಮನ ಆತ್ಮಕ್ಕೆ ಶಾಂತಿ ಬ್ಯಾಡ್ವಾ?"

"ಬುದ್ಧೀ, ಉಂಡೋರು ಏನ್ಮಾಡ್ತಾರೆ? 'ಪಾಪ, ಅವನದೇ ತಪ್ಪಂತೆ' ಅಂದು ಕೈ ತೊಳ್ಕೊಂಡು ಓಯ್ತಾರೆ. ಅಲ್ಲಿಗೆ ಮುಗೀತು. ಕಂಪ್ನಿಯೋರು ಕೈ ತೊಳ್ಕೊಂಡ್ರು, ಸರ್ಕಾರ್ದೋರು ತೊಳ್ಕೊಂಡ್ರು. ನನ್ನ ಮನೇಲಿ ಯಾರೂ ತೊಳ್ಯೋದು ಬ್ಯಾಡ. ತಪ್ಪು ಅವನದಲ್ಲ ಅಂತ ಬರ್ದು ಕೊಡ್ಲಿ, ಅವತ್ತು ಊರಿಗೆಲ್ಲ ಓಳಿಗೆ ಆಕ್ತೀನಿ."

ಅಯ್ಯನವರು ಕೋಪ ಮಾಡಿಕೊಂಡೇ ಹೋದರು. ಅಂದು ನನಗೂ ಇದು ಅತಿಯಾಯಿತು ಅನ್ನಿಸಿತ್ತು.

ಮುಂದೊಮ್ಮೆ ಮಂತ್ರಿಯೊಬ್ಬರು ಆಸ್ಪತ್ರೆಯ ಹೊಸ ಕಟ್ಟಡ ತೆರೆಯಲು ಬಂದು, ದೇಶ ಆಕಾಶಕ್ಕೆ ಏರುತ್ತಿದೆ ಎಂದು ಭಾಷಣ ಬಿಗಿಯುತ್ತಿದ್ದರು. ಹೆಂಗಸರ ಗುಂಪಿನಿಂದ ಹಗ್ಗದಮ್ಮ ಎದ್ದು ನಿಂತರು. ಮೈಕು ಬೇಕಾಗದ ಗಂಟಲು. "ಸ್ವಾಮಿ, ನನ್ನ ತಮ್ಮನ ಇಮಾನ ಸರಿಯಾಗೈತೆ ಅಂತ ರುಜು ಆಕಿದೋರು ಯಾರು? ರುಜು ಆಕಿ ಅವ್ರೂ ಅದ್ರಲ್ಲಿ ಕೂತ್ರಾ?" ಮಂತ್ರಿಗಳು ಪಕ್ಕದವರನ್ನು ವಿಚಾರಿಸಿ, ಆ ತನಿಖೆ ಮುಗಿದುಹೋಗಿದೆ ತಾಯಿ ಎಂದರು. "ನಿಮ್ದು ಮುಗ್ದದೆ. ನಂದು ಮುಗ್ದಿಲ್ಲ" ಎಂದು ಇವರು ನಿಂತೇ ಇದ್ದರು. ಪೊಲೀಸರು ಕರೆದೊಯ್ಯುವವರೆಗೂ ಕೂರಲಿಲ್ಲ. ಜೋಕಾಲಿ ಎಂದು ನಕ್ಕಿದ್ದ ಹೋಟೆಲಿನ ಹುಡುಗರೇ ಅಂದು ಸ್ಟೇಷನ್ನಿನ ಮುಂದೆ ಕೂತು ಅವರನ್ನು ಬಿಡಿಸಿಕೊಂಡು ಬಂದರು.

ಅವರ ಪಕ್ಕದಲ್ಲಿ ಅಷ್ಟು ವರ್ಷ ಕೂತವನಿಗೆ ಗಾಳಿ ಸೋಕದೆ ಇರುತ್ತದೆಯೇ? ಒಂದು ಬೆಳಿಗ್ಗೆ ಹೆಗ್ಗಡದೇವನಕೋಟೆಗೆ ಹೊರಟ ನಮ್ಮ ಬಸ್ಸಿನ ಬ್ರೇಕು ಸರಿಯಿಲ್ಲವೆಂದು ಡ್ರೈವರ್ ಅಂಗಲಾಚಿದ. ಒಂದು ಟ್ರಿಪ್ ಹೋಗಿಬರಲಿ, ಆಮೇಲೆ ನೋಡೋಣ ಎಂದರು ಮ್ಯಾನೇಜರು. ನಾನು ಟಿಕೆಟ್ ಕಿಟಕಿ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತೆ. ನೀವು ಮುಂದಿನ ಸೀಟಿನಲ್ಲಿ ಕೂರುವುದಾದರೆ ಟಿಕೆಟ್ ಕೊಡುತ್ತೇನೆ ಎಂದೆ. ಅವರು ಕೂರಲಿಲ್ಲ, ಬಸ್ಸೂ ಹೊರಡಲಿಲ್ಲ, ಸಂಜೆಗೆ ನನ್ನ ಕೆಲಸ ಹೋಯಿತು. ಮುಖ ಇಳಿಬಿಟ್ಟುಕೊಂಡು ಹೋದರೆ ಹಗ್ಗದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವತ್ತು ಕೆಲ್ಸಕ್ಕೆ ಬರೋ ಮನ್ಸ ಆದೆ ಬುಡು" ಎಂದು ತಮ್ಮ ಅಂಗಡಿಯಲ್ಲೇ ಜಾಗ ಕೊಟ್ಟರು. ನಾನು ಇಂದು ತಲೆಯೆತ್ತಿ ಮಾತಾಡುವುದಿದ್ದರೆ ಅದು ಅವರು ಹಾಕಿದ ಭಿಕ್ಷೆ.

ಈ ನಡುವೆ ಸರ್ಕಾರ ವಿಮಾನದ ಕಂಪನಿಗಳನ್ನೆಲ್ಲ ತಾನೇ ವಹಿಸಿಕೊಂಡಿತು. ಆ ಕಂಪನಿಯೇ ಇಲ್ಲದಾಯಿತು, ತಪ್ಪು ಮಾತ್ರ ಹುಡುಗನ ಹೆಸರಿನಲ್ಲೇ ಉಳಿಯಿತು. ಎಲ್ಲಿ ವಿಮಾನ ಬಿದ್ದ ಸುದ್ದಿ ಬಂದರೂ ಹಗ್ಗದಮ್ಮ ನನ್ನಿಂದ ಪೂರ್ತಿ ಓದಿಸುವರು. ಚಾಲಕನ ತಪ್ಪು ಎಂದಿದ್ದರೆ, "ಇನ್ಯಾರ ಮನೆ ಮಗನೋ" ಎನ್ನುವರು.

ದಶಕದ ಕೊನೆಯ ಹೊತ್ತಿಗೆ, ಒಂದು ಮಧ್ಯಾಹ್ನ ಗಿರಾಕಿಯ ಜೊತೆ ಮಾತಾಡುತ್ತಲೇ ಅವರು ಗೋಡೆಗೆ ಒರಗಿ ಹೋಗಿಬಿಟ್ಟರು. ದೂರವಿದ್ದ ಗಂಡನ ಕಡೆಯ ನೆಂಟರು ಬಂದು ಅದ್ದೂರಿಯಾಗಿ ಗಣಾರಾಧನೆ ಏರ್ಪಡಿಸಿದರು. ಎಲೆ ಹಾಕಿ ಬಡಿಸಿ ಆಗಿತ್ತು. ಮುಪ್ಪಾಗಿದ್ದ ಅದೇ ಅಯ್ಯನವರು ಎಲೆಯ ಮುಂದೆ ಕೂತು, "ಆಯಮ್ಮನ ತಮ್ಮಂದು ಆಯ್ತಾ?" ಎಂದು ಕೇಳಿದರು.

"ಇಲ್ಲ ಬುದ್ಧಿ. ಅದೆಲ್ಲ ಅಳೇ ಕತೆ, ಈಗ್ಯಾಕೆ?" ಎಂದರು ನೆಂಟರು.

"ಅಂಗಾದ್ರೆ ಇದೂ ಇಲ್ಲ. ಬದುಕಿದ್ದಾಗ ಆಯಮ್ಮ ಬ್ಯಾಡ ಅಂದ ಊಟವ ಸತ್ ಮೇಲೆ ನಾನು ಉಣ್ಣಲಾ?" ಎಂದು ಅಯ್ಯನವರು ನೆಲಕ್ಕೆ ಕೈಯೂರಿ ಎದ್ದರು. ಅವರ ಹಿಂದೆ ನಾನು ಎದ್ದೆ, ನನ್ನ ಹಿಂದೆ ಇಡೀ ಪಂಕ್ತಿ ಎದ್ದಿತು.

ಹುಣಸೂರಿನಲ್ಲಿ ಆ ಅಕ್ಕನದೂ ತಮ್ಮನದೂ ಗಣಾರಾಧನೆ ಇಂದಿಗೂ ನಡೆದಿಲ್ಲ. ಹುಡುಗನ ತಪ್ಪಲ್ಲವೆಂದು ಸರ್ಕಾರದವರು ಬರೆದು ಕೊಡುವವರೆಗೆ, ನಾನು ಬದುಕಿರುವವರೆಗೆ, ನಡೆಯಲು ಬಿಡುವುದೂ ಇಲ್ಲ.